ಜೋಗದ ಬೆಳಕು ಮತ್ತು ಮುಳುಗಡೆಯ ಋಣ



ಶರಾವತಿಯ ನೀರಿನಿಂದ ವಿದ್ಯುತ್ ಉತ್ಪಾದಿಸುವ ಜೋಗದ ಕೇಂದ್ರವು 1948ರಲ್ಲಿ ಆರಂಭವಾಯಿತು. ಕೃಷ್ಣರಾಜೇಂದ್ರರ ಹೆಸರಿನ ಈ ಕೇಂದ್ರವು ಮುಂದೆ ಮಹಾತ್ಮ ಗಾಂಧಿಯವರ ಹೆಸರನ್ನು ಪಡೆಯಿತು. ಎಂಟು ಯಂತ್ರಗಳ ಒಟ್ಟು ಸಾಮರ್ಥ್ಯ ಆಗ 120 ಮೆಗಾವಾಟ್. ಇದಕ್ಕೆ ನೀರು ಒದಗಿಸಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಲಾಗಿತ್ತು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾದಾಗ ಆ ಹಳೆಯ ಅಣೆಕಟ್ಟೇ ಹೊಸ ಜಲಾಶಯದಲ್ಲಿ ಮುಳುಗಿತು. ಅದರೊಡನೆ ಅನೇಕ ಹಳ್ಳಿಗಳ ಗದ್ದೆ, ತೋಟ, ಮನೆಗಳೂ ಮುಳುಗಿದವು. ಈ ನೀರನ್ನೇ ನಂಬಿದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಸಾಮರ್ಥ್ಯ ಇಂದು 1035 ಮೆಗಾವಾಟ್.

ನಾಡಿನ ಕೈಗಾರಿಕೆಗಳು ಈ ಶಕ್ತಿಯಿಂದ ಬೆಳೆದವು. ನೆಲ ತೆತ್ತ ಕುಟುಂಬಗಳು ಕಾಡಿನ ಅಂಚಿನಲ್ಲಿ ಬದುಕನ್ನು ಹೊಸದಾಗಿ ಕಟ್ಟಿಕೊಂಡವು. ಅವುಗಳಲ್ಲಿ ಅನೇಕರಿಗೆ ಭೂಮಿಯ ಹಕ್ಕು ಆರು ದಶಕಗಳ ಮೇಲೂ ಇತ್ಯರ್ಥವಾಗಿಲ್ಲ. ಜೋಗದ ವೈಭವವನ್ನು ನಮ್ಮ ಮಕ್ಕಳಿಗೆ ವರ್ಣಿಸುವಾಗ ಈ ಋಣವನ್ನೂ ತಿಳಿಸುವುದು ಉಚಿತ.