ಚಿನ್ನದ ಗಣಿಗೆ ಕಲ್ಲಿದ್ದಲು: ಬೌರಿಂಗ್‌ಪೇಟೆ–ಮಾರಿಕುಪ್ಪಂ ರೈಲುಮಾರ್ಗದ ಚರಿತ್ರೆ

ಕೋಲಾರದ ಚಿನ್ನದ ಗಣಿಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟದ್ದನ್ನು ಹೇಳಿ, 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ವಿದ್ಯುತ್ ಬಂದದ್ದಕ್ಕೆ ನೇರ ಜಿಗಿಯುತ್ತಾರೆ. ನಡುವೆ ಗಣಿಯ ಉಸಿರು ಹಿಡಿದಿದ್ದ ಉಗಿಯಂತ್ರ, ಅದಕ್ಕೆ ಸೌದೆ ಕಲ್ಲಿದ್ದಲು ಉಣಿಸಿದ ಜನ ಬದಿಗೆ ಸರಿದುಬಿಡುತ್ತಾರೆ. ಇಂಧನದ ಈ ದುಬಾರಿ ಲೆಕ್ಕವೇ ಶಿವನಸಮುದ್ರದ ಯೋಜನೆಗೆ ದಾರಿ ಮಾಡಿತೆಂಬುದು ನನ್ನ ವಾದ.

ಬೆಂಗಳೂರು–ಜೋಲಾರಪೇಟೆ ಮಾರ್ಗ 1864ರಲ್ಲೇ ಬೌರಿಂಗ್‌ಪೇಟೆಯನ್ನು, ಅಂದರೆ ಇಂದಿನ ಬಂಗಾರಪೇಟೆಯನ್ನು ಮುಟ್ಟಿತ್ತು. ಅಲ್ಲಿಂದ ಗಣಿಗೆ ಹತ್ತು ಮೈಲಿ. ಬಾಯ್ಲರು, ಪಂಪು, ಇಂಧನ ಎಲ್ಲವೂ ಆ ಹತ್ತು ಮೈಲಿಯನ್ನು ಎತ್ತಿನ ಗಾಡಿಯಲ್ಲೇ ದಾಟಬೇಕಿತ್ತು. 1894ರಲ್ಲಿ ಗಣಿಪ್ರದೇಶದ ಮಾರಿಕುಪ್ಪಂವರೆಗೆ ಬ್ರಾಡ್‌ಗೇಜ್ ಹಳಿ ಬಿತ್ತು. ಹಣ ಮೈಸೂರು ಸಂಸ್ಥಾನದ್ದು, ಓಡಿಸಿದ್ದು ಮದ್ರಾಸ್ ರೈಲ್ವೆ. ಚಿನ್ನದ ಮೇಲೆ ರಾಜಧನ ಪಡೆಯುತ್ತಿದ್ದ ಸಂಸ್ಥಾನಕ್ಕೆ ಈ ಹಳಿಯಲ್ಲಿ ಸ್ವಂತ ಹಿತವೂ ಇತ್ತು. 1902ರಲ್ಲಿ ತೆರೆದ ಶೊರನೂರು–ಕೊಚ್ಚಿ ಮಾರ್ಗದ್ದೂ ಇದೇ ಏರ್ಪಾಡು: ಹಣ ಕೊಚ್ಚಿ ಅರಸರದ್ದು, ನಿರ್ವಹಣೆ ಮದ್ರಾಸ್ ರೈಲ್ವೆಯದ್ದು. ಅಲ್ಲಿ ಕಣ್ಣು ವ್ಯಾಪಾರದ ಮೇಲೆ, ಇಲ್ಲಿ ಗಣಿಯ ಮೇಲೆ.

ಆಳದ ಗಣಿಗೆ ಬಿಡುವೆಂಬುದಿಲ್ಲ. ಪಂಪು ನಿಂತರೆ ಕೆಳಗೆ ನೀರೇರುತ್ತದೆ, ಎತ್ತುವ ಯಂತ್ರ ನಿಂತರೆ ಜನ ಒಳಗೇ ಉಳಿಯುತ್ತಾರೆ. ಸುತ್ತಲ ಕುರುಚಲು ಕಾಡಿನ ಸೌದೆ ಎಷ್ಟು ದಿನ ಬಂದೀತು? ಕಲ್ಲಿದ್ದಲೋ, ಈ ಸೀಮೆಯಲ್ಲಿ ಸಿಗುವಂಥದ್ದಲ್ಲ; ದೂರದಿಂದ ಬಾಡಿಗೆ ತೆತ್ತೇ ತರಿಸಬೇಕು.

ಆ ಕಲ್ಲಿದ್ದಲನ್ನು ಎಳೆದು ತಂದ ರೈಲು ಎಂಜಿನ್ನಿನ ಹೊಟ್ಟೆಗೂ ಬೆಂಕಿಯೇ ಬೇಕಿತ್ತು. ಫೈರ್‌ಮನ್ನನ ಕೆಲಸವನ್ನು ಬರೀ ತೋಳ್ಬಲದ್ದೆಂದು ತಿಳಿಯುವುದು ಅನ್ಯಾಯ. ಸಲಿಕೆಯಲ್ಲಿ ಎತ್ತಿದ ಕಲ್ಲಿದ್ದಲನ್ನು ಕುಲುಮೆಯ ಮೂಲೆಮೂಲೆಗೂ ತೆಳ್ಳಗೆ ಹರಡುವಂತೆ ಎಸೆಯಬೇಕು. ಒಂದೇ ಕಡೆ ರಾಶಿ ಬಿದ್ದರೆ ಗಾಳಿ ಕಟ್ಟಿ ಕಪ್ಪು ಹೊಗೆ ಏಳುತ್ತದೆ, ಉಗಿ ಇಳಿಯುತ್ತದೆ. ಕರಗಿ ಗಟ್ಟಿಯಾದ ಕಿಟ್ಟವನ್ನು ಉದ್ದನೆಯ ಕಬ್ಬಿಣದ ಸಲಾಕೆಯಿಂದ ಒಡೆದು ತೆಗೆಯಬೇಕು. ಮುಂದೆ ಏರು ಎಲ್ಲಿದೆಯೆಂದು ಮೊದಲೇ ಅರಿತು ಬೆಂಕಿ ಸಿದ್ಧಮಾಡುವವನೇ ನಿಜವಾದ ಫೈರ್‌ಮನ್.

ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್ ಕಾವೇರಿಯ ಬಲವನ್ನು 92 ಮೈಲಿ ತಂತಿಯ ಮೇಲೆ ಗಣಿಗೆ ತರಲು ಹೊರಟಾಗ, ಕೊಳ್ಳುವ ಗಿರಾಕಿ ಸಿದ್ಧವಾಗಿದ್ದುದು ಈ ಇಂಧನದ ವೆಚ್ಚದಿಂದಲೇ. 1902ರ ಜೂನ್‌ನಲ್ಲಿ ವಿದ್ಯುತ್ ಹರಿಯಿತು. ಅದನ್ನು ಕಾಣಲು ಅಯ್ಯರ್ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಹಳಿ ಮಾತ್ರ ಬೇಡವಾಗಲಿಲ್ಲ. ಯಂತ್ರ, ಮರಮುಟ್ಟು, ಕೂಲಿಯವರ ಸಂಸಾರಗಳನ್ನು ಅದು ಹೊರುತ್ತಲೇ ಇತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಅದೇ ಮಾರ್ಗ ಬೆಂಗಳೂರಿನ ಕೆಲಸಕ್ಕೆ ನಿತ್ಯ ಹೋಗಿಬರುವ ಸಾವಿರಾರು ಗಣಿಮಕ್ಕಳ ಬದುಕಿನ ದಾರಿಯಾಯಿತು. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ಗಣಿಹೆಸರುಗಳು ಈಗಲೂ ನಿಲ್ದಾಣಗಳ ಫಲಕದಲ್ಲಿವೆ. ಗಣಿ ಚರಿತ್ರೆಗೆ ಕಂಪನಿಯ ವರದಿಗಳಷ್ಟೇ ಸಾಲವು. ಈ ನಿಲ್ದಾಣಗಳಲ್ಲಿ ದುಡಿದ ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್, ಖಲಾಸಿಗಳ ಮನೆಮಾತನ್ನೂ ಆಕರವೆಂದು ಎಣಿಸಿ, ಅವರ ಮಕ್ಕಳು ಬದುಕಿರುವಾಗಲೇ ಬರೆದಿಟ್ಟುಕೊಳ್ಳಬೇಕು.