ಅರಳಿಕಟ್ಟೆಯೋ, ಪಡಸಾಲೆಯೋ?

ಊರಿನವರು ಕೂಡಿ ಮಾತಾಡಲು ಎರಡು ಜಾಗಗಳುಂಟು. ಒಂದು ಅರಳಿಕಟ್ಟೆ, ಅಲ್ಲಿ ದಾರಿಹೋಕನೂ ಕುಳಿತು ಮಾತು ಸೇರಿಸಬಹುದು. ಇನ್ನೊಂದು ಮನೆಯ ಪಡಸಾಲೆ. ಅಲ್ಲಿ ಕೂರಲು ಮನೆಯವರು ಕರೆಯಬೇಕು. ಕಂಪ್ಯೂಟರುಗಳ ಮೂಲಕ ಜನ ಮಾತಿಗೆ ತೊಡಗಿದಾಗಲೂ ಇವೆರಡೇ ಬಗೆಯ ಜಾಗಗಳು ಹುಟ್ಟಿಕೊಂಡವು.

ಮೊದಲು ಬಂದದ್ದು ಪಡಸಾಲೆ. ಅಮೆರಿಕದ ಅರ್ಪಾನೆಟ್ ಜಾಲದಲ್ಲಿ 1975ರ ಹೊತ್ತಿಗೇ ಮೇಲಿಂಗ್ ಲಿಸ್ಟ್ ಇತ್ತು. ಒಂದು ವಿಳಾಸಕ್ಕೆ ಬರೆದ ಪತ್ರ ಪಟ್ಟಿಯಲ್ಲಿದ್ದ ಪ್ರತಿಯೊಬ್ಬರ ಅಂಚೆಪೆಟ್ಟಿಗೆಗೂ ಹೋಗುತ್ತಿತ್ತು. ಹೆಸರು ಸೇರಿಸುವ, ತೆಗೆಯುವ ಕೆಲಸವನ್ನು ಯಾರಾದರೊಬ್ಬರು ಕೈಯಾರೆ ಮಾಡಬೇಕಿತ್ತು. 1986ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಎರಿಕ್ ತೋಮಾ ಬರೆದ ಲಿಸ್ಟ್‌ಸರ್ವ್ ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿತು.

ಅರ್ಪಾನೆಟ್ಟಿನ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಹೊರಗುಳಿದಿದ್ದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ 1979ರಲ್ಲಿ ಯೂಸ್‌ನೆಟ್ಟನ್ನು ಯೋಚಿಸಿದರು. ಕಂಪ್ಯೂಟರುಗಳು ಒಂದಕ್ಕೊಂದು ಟೆಲಿಫೋನ್ ಮಾಡಿ ಬರಹಗಳನ್ನು ದಾಟಿಸುತ್ತಿದ್ದವು. ಒಂದು ಯಂತ್ರಕ್ಕೆ ಬಂದ ಒಂದೇ ಪ್ರತಿಯನ್ನು ಅಲ್ಲಿನವರೆಲ್ಲ ಓದಬಹುದಿತ್ತು. ವಿಷಯಕ್ಕೊಂದರಂತೆ ನ್ಯೂಸ್‌ಗ್ರೂಪುಗಳು, ಇಡೀ ಜಾಲಕ್ಕೆ ಒಬ್ಬ ಯಜಮಾನನೆಂಬುವನಿಲ್ಲ. ಇದು ಅರಳಿಕಟ್ಟೆ. ಮುಂದೆ ಕರ್ನಾಟಕದ ಹೆಸರಿನಲ್ಲಿಯೂ ಒಂದು ನ್ಯೂಸ್‌ಗ್ರೂಪು ನಡೆಯಿತು. ಕಟ್ಟೆಗೆ ರಾಜ್ಯದ ಹೆಸರಿತ್ತು. ಬಂದು ಕೂರುವವರಿಗೆ ಗಡಿಯಿರಲಿಲ್ಲ.

ಆದರೆ ಬಾಗಿಲಿಲ್ಲದ ಜಾಗಕ್ಕೆ ದನವೂ ನುಗ್ಗುತ್ತದೆ. 1994ರ ಏಪ್ರಿಲ್‌ನಲ್ಲಿ ಅಮೆರಿಕದ ಇಬ್ಬರು ವಕೀಲರು ಗ್ರೀನ್ ಕಾರ್ಡ್ ಕುರಿತ ತಮ್ಮ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಒಮ್ಮೆಗೇ ಸುರಿದರು. ತಡೆಯುವವರಿರಲಿಲ್ಲ. ಇಂಥ ಗದ್ದಲಕ್ಕೆ ಬೇಸತ್ತ ಅನೇಕರು ಮೇಲಿಂಗ್ ಲಿಸ್ಟಿನ ಪಡಸಾಲೆಗೆ ಸರಿದರು. ಅಲ್ಲಿ ತಂಟೆಕೋರನನ್ನು ಹೊರಹಾಕಲು ಒಬ್ಬ ಯಜಮಾನನಿದ್ದ.

ಹಾಗಾದರೆ ಪಡಸಾಲೆಯೇ ಮೇಲೆಂದು ನೀವು ಹೇಳಬಹುದು. ಸ್ವಲ್ಪ ತಾಳಿ. ಮನೆಯೇ ಬೇರೆಯವರದಾಗಿದ್ದರೆ? ಯಾಹೂ ಕಂಪೆನಿ ಕೊಟ್ಟ ಜಾಗದಲ್ಲಿ ಅಸಂಖ್ಯ ಗುಂಪುಗಳು ವರ್ಷಗಟ್ಟಲೆ ನಡೆದವು. 2019ರ ಕೊನೆಗೆ ಅಲ್ಲಿ ಕೂಡಿಟ್ಟಿದ್ದ ಹಳೆಯ ಬರಹಗಳನ್ನು ತೆಗೆಯಲಾಯಿತು. 2020ರ ಡಿಸೆಂಬರ್ 15ರಂದು ಬಾಗಿಲೇ ಮುಚ್ಚಿತು. ಯಾರಾದರೂ ಪ್ರತಿ ಉಳಿಸಿಕೊಂಡಿದ್ದ ಕಡೆ ಮಾತ್ರ ಆ ಮಾತುಗಳು ಉಳಿದವು. ಅತ್ತ ಕಟ್ಟೆಯೂ ಬರಿದಾಯಿತು. ಯೂಸ್‌ನೆಟ್ ಹುಟ್ಟಿದ ಡ್ಯೂಕ್ ವಿಶ್ವವಿದ್ಯಾಲಯವೇ 2010ರಲ್ಲಿ ತನ್ನ ಯೂಸ್‌ನೆಟ್ ಸರ್ವರನ್ನು ನಿಲ್ಲಿಸಿತು. ಆದರೂ ಹತ್ತಾರು ಕಡೆ ಪ್ರತಿಗಳಿದ್ದುದರಿಂದ ಯೂಸ್‌ನೆಟ್ಟಿನ ಎಷ್ಟೋ ಹಳೆಯ ಬರಹಗಳು ಇಂದಿಗೂ ಓದಸಿಗುತ್ತವೆ.

ಗಡಿಯಾಚೆಯ ಕನ್ನಡಿಗರಾದ ನಮಗೆ ಇದರಲ್ಲಿ ಪಾಠವಿದೆ. ನಮ್ಮ ಶಾಲೆಯ ಅಹವಾಲು, ಸಂಘದ ನಿರ್ಣಯ, ಹಿರಿಯರ ನೆನಪು ಈಗ ಮೊಬೈಲಿನ ಗುಂಪುಗಳಲ್ಲೇ ಹರಿದುಹೋಗುತ್ತಿವೆ. ಗುಂಪು ಕಟ್ಟುವಾಗ ಯಾರು ಒಳಗೆ ಬರಬಹುದೆಂದು ನಾವು ಯೋಚಿಸುತ್ತೇವೆ. ಆಡಿದ ಮಾತಿನ ಪ್ರತಿ ಯಾರ ಕೈಯಲ್ಲಿರುತ್ತದೆ ಎಂಬುದನ್ನೂ ಕೇಳಿಕೊಳ್ಳಿ. ಕಟ್ಟೆಯಾಗಲಿ, ಪಡಸಾಲೆಯಾಗಲಿ, ಲೆಕ್ಕದ ಪುಸ್ತಕ ಮಾತ್ರ ನಮ್ಮ ಮನೆಯಲ್ಲೇ ಇರಲಿ.