ಹಿಲ್ಡೆಸ್‌ಹೈಮ್‌ನ ಕಟುಕರ ಭವನ

ಜರ್ಮನಿಯ ಹ್ಯಾನೋವರ್ ನಗರದಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ಇನ್ನರ್ಸ್ಟೆ ಹೊಳೆಯ ದಂಡೆಯ ಮೇಲೆ ಹಿಲ್ಡೆಸ್‌ಹೈಮ್ ಇದೆ. 815ರಲ್ಲಿ ಬಿಷಪ್ ಪೀಠ ಸ್ಥಾಪನೆಯಾದ ಮೇಲೆ ಬೆಳೆದ ಊರು ಇದು. ಇಲ್ಲಿನ ಕೆಥೆಡ್ರಲ್ ಹಾಗೂ ಸಂತ ಮೈಕೆಲ್ ಚರ್ಚು 1985ರಿಂದ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿವೆ. ಅವು ಧರ್ಮಪೀಠದ ವೈಭವವನ್ನು ತೋರಿಸಿದರೆ, ದುಡಿಯುವ ಜನರ ವೈಭವವನ್ನು ನೋಡಲು ಪೇಟೆಯ ಚೌಕಕ್ಕೇ ಬರಬೇಕು. ಅಲ್ಲಿ ನಿಂತಿರುವುದು ಕಟುಕರ ಸಂಘದ ಭವನ, ಕ್ನೋಖೆನ್‌ಹೌವರ್‌ಆಮ್ಟ್ಸ್‌ಹೌಸ್.

ಭವನ ಕಟ್ಟಿದ್ದು 1529ರಲ್ಲಿ. ಆ ಕಾಲದಲ್ಲಿ ಒಂದೊಂದು ಕಸುಬಿನವರಿಗೂ ಒಂದೊಂದು ಸಂಘ. ಕಟುಕರ ಸಂಘ ಹಣಬಲವಿದ್ದದ್ದು. ಆ ಹಣ ಎದುರಿನ ಪುರಭವನಕ್ಕೆ ಸರಿಸಾಟಿಯಾಗುವಂಥ ಕಟ್ಟಡವಾಗಿ ಎದ್ದಿತು. ಎತ್ತರ ಸುಮಾರು 26 ಮೀಟರ್. ಅದರಲ್ಲಿ ದೊಡ್ಡ ಪಾಲು ಕಡಿದಾದ ಇಳಿಜಾರಿನ ಮಾಡಿನದೇ.

ಭವನ ಮರದ ಚೌಕಟ್ಟಿನದು. ಈ ಬಗೆಯ ಮನೆಗಳಲ್ಲಿ ಗೋಡೆ ಭಾರ ಹೊರುವುದಿಲ್ಲ. ಭಾರವೆಲ್ಲ ಓಕ್ ಮರದ ಕಂಬ, ತೊಲೆ, ಓರೆಗಂಬಗಳ ಚೌಕಟ್ಟಿನದು. ನಡುವಿನ ಅಂಕಣಗಳನ್ನು ಇಟ್ಟಿಗೆಯಿಂದಲೋ ಹೆಣೆದ ಕಡ್ಡಿಗೆ ಮೆತ್ತಿದ ಮಣ್ಣಿನಿಂದಲೋ ಮುಚ್ಚುತ್ತಾರೆ. ಕೆಳಗಿನ ಜಂತೆಗಳನ್ನು ಗೋಡೆಯಿಂದಾಚೆಗೆ ಚಾಚಿ, ಅವುಗಳ ಮೇಲೆ ಮುಂದಿನ ಮಹಡಿ ಎಬ್ಬಿಸುತ್ತಾರೆ. ಹಾಗಾಗಿ ಮೇಲೇರಿದಂತೆ ಮನೆ ಬೀದಿಯ ಕಡೆಗೆ ಮುಂಚಾಚುತ್ತದೆ. ಜಂತೆಗಳ ತುದಿಯಲ್ಲೂ ಅಡ್ಡತೊಲೆಗಳಲ್ಲೂ ಹಿಲ್ಡೆಸ್‌ಹೈಮ್‌ನ ಬಡಗಿಗಳು ಕುಸುರಿ ಕೆತ್ತಿ ಬಣ್ಣ ತುಂಬಿದರು.

ಜೋಡಣೆಯೇ ಇಲ್ಲಿನ ಜೀವಾಳ. ತೊಲೆಯ ತುದಿಯನ್ನು ಕೆತ್ತಿ ನಾಲಿಗೆಯಂತೆ ಬಿಡುತ್ತಾರೆ, ಕಂಬದಲ್ಲಿ ಅದಕ್ಕೆ ಸರಿಯಾದ ಕಿಂಡಿ ಕೊರೆಯುತ್ತಾರೆ. ಎರಡೂ ಕೂಡಿದ ಮೇಲೆ ಬೈರಿಗೆಯಿಂದ ಅಡ್ಡಲಾಗಿ ತೂತು ಹೊಡೆದು ಮರದ ಗೂಟ ಬಡಿಯುತ್ತಾರೆ. ಹಸಿ ಓಕ್ ಒಣಗುತ್ತಾ ಬಂದಂತೆ ಕುಗ್ಗಿ ಗೂಟವನ್ನು ಬಿಗಿಯಾಗಿ ಹಿಡಿಯುತ್ತದೆ. ವರ್ಷ ಕಳೆದಷ್ಟೂ ಜೋಡಣೆ ಗಟ್ಟಿ.

1884ರಲ್ಲಿ ಬೆಂಕಿ ಬಿದ್ದು ಮೇಲ್ಭಾಗ ಹಾಳಾಯಿತು. ಊರಿನವರು ಸರಿಪಡಿಸಿಕೊಂಡರು. ಆದರೆ 1945ರ ಮಾರ್ಚ್ 22ರಂದು ಮಿತ್ರಪಡೆಗಳ ಬಾಂಬುಗಳು ಹಳೆಯ ಪೇಟೆಯನ್ನೇ ಸುಟ್ಟವು. ಯುರೋಪಿನಲ್ಲಿ ಯುದ್ಧ ಮುಗಿಯಲು ಆಗ ಏಳು ವಾರವೂ ಉಳಿದಿರಲಿಲ್ಲ. ನಾನೂರು ವರ್ಷ ಬಾಳಿದ ಓಕ್ ಮರ ಬೂದಿಯಾಯಿತು. 1960ರ ದಶಕದಲ್ಲಿ ಅದೇ ಜಾಗದಲ್ಲಿ ಆಧುನಿಕ ಶೈಲಿಯ ಹೋಟೆಲ್ ಎದ್ದಿತು.

ಕಳೆದುಕೊಂಡದ್ದನ್ನು ಜನ ಮರೆಯಲಿಲ್ಲ. ಹೋಟೆಲನ್ನು ಕೆಡವಿ, 1987ರಿಂದ 1989ರವರೆಗೆ ಹಳೆಯ ನಕ್ಷೆ, ಫೋಟೊಗಳನ್ನು ಆಧರಿಸಿ ಭವನವನ್ನು ಮತ್ತೆ ಕಟ್ಟಿದರು. ನಾಗರಿಕರ ದೇಣಿಗೆಯೂ ಇದಕ್ಕೆ ಹರಿದುಬಂತು. ಸುಮಾರು 400 ಘನ ಮೀಟರ್ ಓಕ್ ಮರ, ಸುಮಾರು 7,500 ಮರದ ಗೂಟಗಳು ಬಳಕೆಯಾದವು. ಚೌಕಟ್ಟನ್ನು ಕೂಡಿಸಲು ಕಬ್ಬಿಣದ ಮೊಳೆಯ ನೆರವು ಪಡೆಯಲಿಲ್ಲ. ಇಂದು ಕೆಳಗೆ ಉಪಾಹಾರ ಗೃಹವಿದೆ, ಮೇಲಿನ ಮಹಡಿಗಳಲ್ಲಿ ನಗರದ ವಸ್ತುಸಂಗ್ರಹಾಲಯವಿದೆ.

ಮರಳಿ ಕಟ್ಟಿದ್ದು ನಕಲು, ಅದಕ್ಕೆ ಪರಂಪರೆಯ ಹೆಸರು ಸಲ್ಲದು ಎನ್ನುವವರಿದ್ದಾರೆ. 1529ರ ಮರ ಹೋಯಿತು, ಅದು ಯಾವ ಕಾರಣಕ್ಕೂ ಮರಳಿ ಬಾರದು. ಈ ಮಾತನ್ನು ಒಪ್ಪಲೇಬೇಕು. ಆದರೆ ಮರದ ಮನೆಯ ಪರಂಪರೆ ಮರದಲ್ಲಿ ಅರ್ಧ, ಅದನ್ನು ಕೂಡಿಸುವ ಕೈಚಳಕದಲ್ಲಿ ಇನ್ನರ್ಧ. ಕಾಂಕ್ರೀಟಿನಲ್ಲಿ ಎರಕ ಹೊಯ್ದು ಮುಂಭಾಗಕ್ಕೆ ಹಲಗೆ ಹೊಡೆದಿದ್ದರೆ ಅದು ಬರೀ ವೇಷವಾಗುತ್ತಿತ್ತು. ಹಿಲ್ಡೆಸ್‌ಹೈಮ್ ಆ ಸುಲಭದ ದಾರಿ ಹಿಡಿಯಲಿಲ್ಲ. ಹಳೆಯ ವಿದ್ಯೆಗೆ ಮತ್ತೆ ಕೆಲಸ ಕೊಟ್ಟಿತು. ಹಳೆಯ ಮನೆ ಉಳಿಸಹೊರಟ ಯಾವುದೇ ಊರು ಮೊದಲು ಉಳಿಸಿಕೊಳ್ಳಬೇಕಾದದ್ದು ತನ್ನ ಬಡಗಿಗಳನ್ನು.